ಜಿಂಕೆಗಳಿಗೆಂದು ಮಾಡಿದ ಇಳಿಜಾರು

ಇಡೀ ಕೌಂಟಿಯಲ್ಲಿ ಹುಡುಕಿದರೂ ಒಂದು ಬೊಗಸೆ ಕೆಸರು ಸಿಗದ ವರ್ಷ ಅದು. ಅಂಥ ವರ್ಷದಲ್ಲಿ ಡಾರೆಲ್ ಹಟ್ಸನ್ ತನ್ನ ಪಿಕಪ್ ಗಾಡಿಯನ್ನು ಅಚ್ಚಿನವರೆಗೆ ಕೆಸರಿನಲ್ಲಿ ಹೂತುಬಿಟ್ಟ.

ಉತ್ತರ ಮಿಸೌರಿಯಲ್ಲಿ ಮೇ ತಿಂಗಳ ನಂತರ ಮಳೆ ಎಂಬುದು ಟೀವಿಯಲ್ಲಿ ಬೇರೆ ರಾಜ್ಯಗಳ ಮೇಲೆ ಬೀಳುವ ಪದಾರ್ಥವಾಗಿತ್ತು. ಮೆಕ್ಕೆಜೋಳ ತೆನೆ ಕಟ್ಟದೆ ಹಂಚಿಕಡ್ಡಿಯ ಹಾಗೆ ನಿಂತಿತ್ತು. ಚರ್ಚಿನಲ್ಲಿ ಮಳೆಗಾಗಿ ಮಾಡುವ ಪ್ರಾರ್ಥನೆ ವಾರದಿಂದ ವಾರಕ್ಕೆ ಉದ್ದವಾಗುತ್ತಿತ್ತು, ಊಟ ತಡವಾಗುತ್ತಿತ್ತು. ಆ ಜುಲೈಯಲ್ಲಿ ಡಾರೆಲ್ ಪಿಕಪ್ಪಿನ ಬೆನ್ನಿಗೆ ನೀರಿನ ಟ್ಯಾಂಕು ಹೇರಿಕೊಂಡು ಭಾವ ಎಲ್ಡನ್ ಪ್ರೂಯಿಟ್‌ನ ಹೊಂಡದ ಇಳಿಜಾರಿನಲ್ಲಿ ಹಿಂದುಹಿಂದಕ್ಕೆ ಇಳಿಯುತ್ತಿದ್ದ. ಕನ್ನಡಿಯಲ್ಲಿ ಎಲ್ಡನ್ ಕೈ ಎತ್ತಿದ್ದು ಕಂಡಿತು. ನಿಲ್ಲು ಎಂದು ಎತ್ತಿದ ಕೈ ಅದು. ಡಾರೆಲ್ ಅದನ್ನು ಬಾ ಎಂದು ತಿಳಿದ. ಮೇಲೆ ರೊಟ್ಟಿಯ ಹಾಗೆ ಒಣಗಿ ಬಿರುಕುಬಿಟ್ಟಿದ್ದ ನೆಲ ಚಕ್ರದ ಕೆಳಗೆ ಮುರಿಯಿತು. ಅದರಡಿ ಇದ್ದದ್ದು ಅಂಬಲಿ.

ಊರಲ್ಲಿ ಟೈರ್ ಅಂಗಡಿ ಇಟ್ಟುಕೊಂಡು, ಯಾವ ನೆಲಕ್ಕೆ ಯಾವ ಟೈರು ಎಂದು ಬಂದವರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ಈ ಡಾರೆಲ್. ಗಾಡಿ ಎಳೆಯಲು ಪಕ್ಕದ ಹೊಲದ ಲೆರಾಯ್ ಡಿಕ್‌ಮನ್ ಟ್ರ್ಯಾಕ್ಟರ್ ತಂದ. ತಂದವನು ಇಳಿದು ಮೊದಲು ಜೇಬಿನಿಂದ ಫೋನು ತೆಗೆದ.

"ಚೈನ್ ಹಾಕು ಮಾರಾಯ," ಎಂದ ಡಾರೆಲ್.

"ಮೊದ್ಲು ಫೋಟೋ, ಆಮೇಲೆ ಚೈನು. ಸ್ವಲ್ಪ ಆ ಕಡೆ ತಿರುಗು, ಅಂಗಿ ಮೇಲೆ ಅಂಗಡಿ ಹೆಸರು ಕಾಣ್ಬೇಕು."

ಭಾನುವಾರದ ಹೊತ್ತಿಗೆ ಆ ಫೋಟೋ ಡಾರೆಲ್‌ಗಿಂತ ಮೊದಲೇ ಚರ್ಚಿಗೆ ತಲುಪಿತ್ತು. ಪ್ರಾರ್ಥನೆ ಫಲಿಸಿದೆ, ಆದರೆ ಮೇಲಿನವನು ವಿಳಾಸ ತಪ್ಪಿ ಎಲ್ಲಾ ಕೆಸರನ್ನೂ ಡಾರೆಲ್‌ಗೇ ಕಳಿಸಿದ್ದಾನೆ ಎಂದು ಹಿಂದಿನ ಬೆಂಚಿನವರು ಮಾತಾಡಿಕೊಂಡರು. ಎಲ್ಡನ್ ಮಾತ್ರ ಏನೂ ಅನ್ನಲಿಲ್ಲ. ಅವನು ಏನಾದರೂ ಅಂದಿದ್ದರೆ ಡಾರೆಲ್‌ಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಎಲ್ಡನ್ ಮಾತಾಡುವುದೇ ಕಡಿಮೆ. ಕೌಂಟಿಯ ಜಲ್ಲಿ ರಸ್ತೆಗಳ ಮೇಲೆ ನೆಲ ಸಮ ಮಾಡುವ ಗ್ರೇಡರ್ ಓಡಿಸಿ ನಿವೃತ್ತನಾದವನು. ಆ ಯಂತ್ರದ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಅಭ್ಯಾಸ ತಪ್ಪಿತೋ, ಮೊದಲಿಂದಲೂ ಹಾಗೆಯೋ, ಡಾರೆಲ್‌ನ ಅಕ್ಕ ಮೇವಿಸ್‌ಗೆ ಇನ್ನೂ ತೀರ್ಮಾನಕ್ಕೆ ಬರಲು ಆಗಿಲ್ಲ. ಮದುವೆಯಾಗಿ ನಲವತ್ತು ವರ್ಷ ದಾಟಿದೆ. ರಸ್ತೆಯ ವಿಷಯ ಬಂದರೆ ಮಾತ್ರ ಎಲ್ಡನ್ ಬಾಯಿ ಬಿಡುತ್ತಿದ್ದ. ನೀರು ನಿಲ್ಲಬಾರದು, ಗಾಡಿ ಜಾರಬಾರದು, ಇವೆರಡರ ನಡುವೆ ಒಂದೇ ಒಂದು ಇಳಿಜಾರು ಇರುತ್ತದೆ, ಅದನ್ನು ಕಣ್ಣಲ್ಲೇ ಹಿಡಿಯಬೇಕು ಎನ್ನುತ್ತಿದ್ದ.

ನಿವೃತ್ತಿಯಾದ ಮೇಲೆ ಅವನಿಗೆ ಜಿಂಕೆ ಹೊಲದ ಹುಚ್ಚು ಹತ್ತಿತು. ಆ ಸೀಮೆಯಲ್ಲಿ ಅದೇನೂ ಹೊಸದಲ್ಲ. ಓಕ್ ಮರಗಳ ನಡುವೆ ಒಂದಿಷ್ಟು ಬಯಲು ಮಾಡಿ, ಕ್ಲೋವರ್ ಹುಲ್ಲು, ಅಲಸಂದೆ, ಚಳಿಗಾಲಕ್ಕೆ ಓಟ್ಸು, ದಪ್ಪ ಗೆಡ್ಡೆಯ ಟರ್ನಿಪ್ಪು ಬಿತ್ತಿ ಜಿಂಕೆಗಳಿಗೆ ಬಿಡುವವರು ಬೇಕಾದಷ್ಟು ಜನ. ನವೆಂಬರಿನ ಬೇಟೆಗೆ ಜಿಂಕೆ ತಮ್ಮ ಬೇಲಿಯೊಳಗೇ ಇರಲಿ ಎಂಬುದು ಎಲ್ಲರ ಲೆಕ್ಕ. ಎಲ್ಡನ್ ಕೂಡ ವರ್ಷಕ್ಕೊಂದು ಹೊಡೆಯುತ್ತಿದ್ದ, ಮನೆಯ ಅಡುಗೆಗೆ. ಉಳಿದ ಹನ್ನೊಂದು ತಿಂಗಳು ಅವುಗಳ ಚಾಕರಿ.

"ಜಿಂಕೆಗೆ ದಿನಾ ಹಸಿರು ಸೊಪ್ಪು," ಎನ್ನುತ್ತಿದ್ದಳು ಮೇವಿಸ್. "ನಂಗೆ ಡಬ್ಬಿ ಬೀನ್ಸು. ಒಂದಿನ ನಾನೂ ನಾಲ್ಕು ಕಾಲಲ್ಲಿ ಹೋಗಿ ನಿಂತ್ಕೋತೀನಿ ಅಲ್ಲಿ, ಆಗ್ಲಾದ್ರೂ ಗಮನ ಕೊಡ್ತಾನಾ ನೋಡೋಣ."

ಆ ಬರಗಾಲದಲ್ಲಿ ಎಲ್ಡನ್ ಮಾಡಿದ್ದು ಹೆಚ್ಚಾಗಿ ಏನೂ ಮಾಡದೇ ಇರುವುದು. ನೆಲ ಉಳಲಿಲ್ಲ, ಉತ್ತರೆ ಇದ್ದ ಪಸೆಯೂ ಹಾರಿಹೋಗುತ್ತದೆ ಎಂದು. ಕ್ಲೋವರ್ ಕತ್ತರಿಸಲಿಲ್ಲ. ಅದರ ಮೇಲೆ ಸೊಂಟದೆತ್ತರ ಬೆಳೆದ ಕಳೆಯನ್ನೂ ಹಾಗೇ ಬಿಟ್ಟ, ನೆರಳಾದರೂ ಇರಲಿ ಎಂದು. ಅಲಸಂದೆಯನ್ನು ಜಿಂಕೆಗಳು ಮೊಳಕೆಯಲ್ಲೇ ತಿಂದು ಕಡ್ಡಿ ಉಳಿಸಿದ್ದವು.

ಲೆರಾಯ್ ಬೇಲಿಗೆ ಒರಗಿಕೊಂಡು ನೋಡುತ್ತಿದ್ದ. "ಏನಯ್ಯಾ, ನಿನ್ನ ಹೋಟ್ಲಲ್ಲಿ ಅಡುಗೆಯವ್ನು ಬಿಟ್ಟು ಹೋದ್ನಾ? ಗಿರಾಕಿಗಳೆಲ್ಲ ನನ್ನ ಸೋಯಾಗೆ ನುಗ್ತಾ ಇದಾರೆ."

"ನಿನ್ನ ಸೋಯಾ ಎಲ್ಲಿದೆ?" ಎಂದ ಎಲ್ಡನ್.

ಲೆರಾಯ್ ತನ್ನ ಹೊಲದ ಕಡೆ ತಿರುಗಿ ನೋಡಿದ. ಮೊಣಕಾಲಿನವರೆಗೂ ಬಾರದ ಗಿಡಗಳು ಎಲೆ ಮಗುಚಿಕೊಂಡು ನಿಂತಿದ್ದವು. "ಅದೂ ನಿಜ," ಎಂದ.

ಮೇವು ಹೋದರೂ ಓಕ್ ಎಲೆ, ಮುಳ್ಳುಪೊದೆ ಏನೋ ತಿಂದು ಜಿಂಕೆ ಬದುಕುತ್ತದೆ. ನೀರಿಲ್ಲದೆ ಆಗದು. ಸುತ್ತಲಿನ ಹೊಂಡಗಳು ಒಂದೊಂದಾಗಿ ಬತ್ತಿದಾಗ ಎಲ್ಡನ್‌ನ ಹೊಂಡದಲ್ಲಿ ಮಾತ್ರ ನಡುವೆ ಒಂದಿಷ್ಟು ನೀರು ಉಳಿದಿತ್ತು. ಅದನ್ನು ಉಳಿಸಲೆಂದೇ ಅವನೂ ಡಾರೆಲ್ಲೂ ಊರಿನ ಕೊಳಾಯಿಯಿಂದ ಟ್ಯಾಂಕು ಟ್ಯಾಂಕು ನೀರು ತಂದು ಸುರಿಯುತ್ತಿದ್ದರು. ಸುರಿದದ್ದಕ್ಕಿಂತ ಹೆಚ್ಚು ಬಿಸಿಲು ಕುಡಿಯುತ್ತಿತ್ತು. ಆದರೂ ಬೆಳಿಗ್ಗೆ ಹೋದರೆ ಇಳಿಜಾರಿನ ಕೆಸರಿನಲ್ಲಿ ಗೊರಸಿನ ಗುರುತುಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದವು, ದೊಡ್ಡವು, ಅವುಗಳ ಪಕ್ಕದಲ್ಲೇ ಮರಿಗಳವು. ಎಲ್ಡನ್ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಅವನ್ನು ನೋಡುತ್ತಿದ್ದ. ಪೇಪರು ಓದುವವನ ಹಾಗೆ.

ಆ ಇಳಿಜಾರಿನ ಸಂಗತಿ ಇಲ್ಲಿ ಹೇಳಬೇಕು. ಹೊಂಡಕ್ಕೆ ಮೊದಲು ಗೋಡೆಯಂಥ ಕಡಿದಾದ ದಡ ಇತ್ತು. ಹಿಂದಿನ ವರ್ಷ ಒಂದು ಮರಿ ನೀರು ಕುಡಿಯಲು ಇಳಿದು, ಮೇಲೆ ಹತ್ತಲಾರದೆ, ಮುಳುಗಿ ಸತ್ತಿತ್ತು. ಅದನ್ನು ಎತ್ತಿ ಹಾಕಿದ ಎಲ್ಡನ್ ಟ್ರ್ಯಾಕ್ಟರಿಗೆ ಮಣ್ಣು ತಳ್ಳುವ ಬ್ಲೇಡು ಕಟ್ಟಿದ. ವಾರವಿಡೀ ದಡ ಸವರಿದ. ಮುಗಿದಾಗ ಅದು ರಸ್ತೆಯ ಕೆಲಸದಂತೆಯೇ ಇತ್ತು. ಅಂಗೈಯಂತೆ ನುಣುಪು, ತೊಟ್ಟಿಲ ಮಗು ತೆವಳಿಕೊಂಡು ಇಳಿದು ತೆವಳಿಕೊಂಡೇ ವಾಪಸು ಬರಬಹುದು. ಇದನ್ನು ನೋಡಲು ಡಾರೆಲ್ ಅಂಗಡಿಯ ಗಿರಾಕಿಗಳನ್ನೂ ಕರೆತಂದಿದ್ದ. ಟೈರ್ ಬದಲಾಯಿಸಲು ಬಂದವರು ಜಿಂಕೆಯ ಮೆಟ್ಟಿಲು ನೋಡಿಕೊಂಡು ಹೋಗುತ್ತಿದ್ದರು.

ಆಗಸ್ಟ್ ನಡುವಿಗೆ ರಣಹದ್ದುಗಳು ಬಂದವು.

ಸತ್ತವುಗಳಲ್ಲಿ ಮೊದಲನೆಯದು ಒಂದು ಗಂಡು ಜಿಂಕೆ. ಕೊಂಬಿನ ಮೇಲಿನ ಮಖಮಲ್ಲಿನಂಥ ಎಳೆ ಚರ್ಮ ಇನ್ನೂ ಉದುರಿರಲಿಲ್ಲ. ನೀರಿನಲ್ಲಿ ಅರ್ಧ ಮೈ, ಕೆಸರಿನಲ್ಲಿ ಅರ್ಧ. ನಾಲಿಗೆ ನೀಲಿಯಾಗಿ ಊದಿ ಹೊರಗೆ ಬಂದಿತ್ತು. ಮೈಮೇಲೆ ಒಂದು ಗಾಯವಿಲ್ಲ.

"ವಿಷ ಹಾಕಿದಾರಾ ಯಾರಾದ್ರೂ?" ಎಂದ ಡಾರೆಲ್.

"ಯಾರು?"

ಡಾರೆಲ್‌ಗೆ ಲೆರಾಯ್ ಬಿಟ್ಟು ಯಾರ ಹೆಸರೂ ಹೊಳೆಯಲಿಲ್ಲ. ಲೆರಾಯ್‌ಗೆ ಅಷ್ಟು ಚುರುಕಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಎರಡು ಹೆಣ್ಣು. ಆಮೇಲೆ ಇಳಿಜಾರಿನ ತುದಿಯಲ್ಲಿ ಒಂದು ಮರಿ, ಬೆನ್ನಿನ ಬಿಳಿ ಚುಕ್ಕೆ ಮಾಸುತ್ತಿತ್ತು. ಅದು ನೀರಿನವರೆಗೂ ಹೋಗಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಎಲ್ಡನ್ ಎಣಿಸುವುದನ್ನು ಬಿಟ್ಟ. ಗುಂಡಿ ತೋಡಲು ಲೆರಾಯ್ ತನ್ನ ಯಂತ್ರ ತಂದ. ಅವನು ಬಂದ, ತೋಡಿದ, ಮುಚ್ಚಿದ, ಹೋದ. ಒಂದು ತಮಾಷೆಯ ಮಾತೂ ಆಡಲಿಲ್ಲ. ಡಾರೆಲ್ ನಿಜಕ್ಕೂ ಹೆದರಿದ್ದು ಆವತ್ತು.

ಡಾರೆಲ್ ಫೋನು ಮಾಡಿ ಕರೆದದ್ದಕ್ಕೆ ವನ್ಯಜೀವಿ ಇಲಾಖೆಯ ಹೆಂಗಸೊಬ್ಬಳು ಬಂದಳು. ಕೋರಾ ಎಂದು ಹೆಸರು, ಬಿಸಿಲಿಗೆ ಮೂಗು ಸುಲಿದಿತ್ತು. ಆ ತಿಂಗಳು ಅವಳು ಕಂಡದ್ದೆಲ್ಲ ಇದೇ ಎಂಬುದು ಅವಳು ಇಳಿದು ಬಂದ ರೀತಿಯಲ್ಲೇ ತಿಳಿಯುತ್ತಿತ್ತು. ಸತ್ತ ಜಿಂಕೆಯ ಬಾಯಿ ಬಿಡಿಸಿ ನೋಡಿದಳು, ಗೊರಸು ನೋಡಿದಳು.

"ವಿಷ ಅಲ್ಲ. ನೊರಜು ಕಚ್ಚಿ ಬರೋ ಜ್ವರ, ಮಿಸ್ಟರ್ ಪ್ರೂಯಿಟ್. ಮೈಯೆಲ್ಲ ಬೆಂಕಿ ಆಗುತ್ತೆ. ತಂಪು ಹುಡುಕ್ಕೊಂಡು ನೀರಿಗೆ ಬಂದು ಬೀಳ್ತಾವೆ. ಈ ವರ್ಷ ಎಲ್ಲಾ ಕಡೆ ಹೀಗೇ."

"ಆ ನೊರಜು ಎಲ್ಲಿ ಹುಟ್ಟುತ್ತೆ, ಮೇಡಂ?" ಎಂದ ಎಲ್ಡನ್.

"ನೀರು ಹಿಂದೆ ಸರಿದಾಗ ಕೆಸರು ಬಿಡುತ್ತಲ್ಲ, ಅದರಲ್ಲಿ."

ಮೌನವೆಂದರೆ ಡಾರೆಲ್‌ಗೆ ಗಾಳಿ ಹೋಗುತ್ತಿರುವ ಟೈರಿದ್ದ ಹಾಗೆ, ಏನಾದರೂ ತುಂಬಲೇಬೇಕು. ಭಾವನಿಗೆ ಸ್ವಲ್ಪ ಸಮಾಧಾನವಾಗಲಿ ಎಂದು ಅವನು ಇಳಿಜಾರಿನ ಕಡೆ ಕೈ ಚಾಚಿದ.

"ಈ ಕೆಲಸ ನೋಡಿ ಮೇಡಂ. ಇವನೊಬ್ನೇ ಮಾಡಿದ್ದು. ಇಷ್ಟು ನಯವಾದ ಇಳಿಜಾರು ಈ ಕೌಂಟಿಲಿ ಇನ್ನೊಂದು ತೋರ್ಸಿ. ನೀರು ಒಂದು ಗೇಣು ಇಳಿದ್ರೆ ಸಾಕು, ನೆಲ ಇಷ್ಟುದ್ದ..."

ಅಲ್ಲಿಗೆ ಅವನಿಗೆ ತಾನು ಹೇಳುತ್ತಿರುವುದೇನೆಂದು ಕೇಳಿಸಿತು. ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಟೋಪಿ ಸರಿಮಾಡಿಕೊಂಡ. ನೀರಿನ ಅಂಚಿನಿಂದ ಹುಲ್ಲಿನವರೆಗೆ, ಹೊಂಡದ ಆ ಇಡೀ ಬದಿಯಲ್ಲಿ, ಹಾಸಿಗೆ ಹಾಸಿದ ಹಾಗೆ ತೇವದ ಕೆಸರು ಹರಡಿತ್ತು. ಅದರ ಮೇಲೆ ಹೊಗೆಯಂಥದೇನೋ ಆಡುತ್ತಿತ್ತು.

"ದಡ ಕಡಿದಾಗಿದ್ರೆ ಕೆಸರು ಇಷ್ಟು ಬಿಡ್ತಿರ್ಲಿಲ್ಲ, ಅಲ್ವಾ?" ಎಂದ ಎಲ್ಡನ್.

ಕೋರಾ ಗೊರಸು ಮುಟ್ಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. "ಬಿಡ್ತಿರ್ಲಿಲ್ಲ. ಆದ್ರೆ ಕಡಿದಾದ ದಡ ಇರೋರ ಹೊಂಡದಲ್ಲೂ ಸತ್ತಿವೆ. ನಿಮ್ಮಿಂದಲೇ ಆಯ್ತು ಅಂತ ಯಾರೂ ಹೇಳೋಕಾಗಲ್ಲ."

"ಆಗಿಲ್ಲ ಅಂತ ಹೇಳೋಕಾಗುತ್ತಾ?"

ಅವಳು ಆ ಜ್ವರಕ್ಕೆ ಔಷಧಿ ಇಲ್ಲವೆಂದಳು. ಮೊದಲ ಗಟ್ಟಿ ಹಿಮ ಬಿದ್ದರೆ ನೊರಜು ಸಾಯುತ್ತದೆ, ಅಲ್ಲಿಯವರೆಗೆ ಯಾವುದು ಬದುಕುತ್ತದೋ ಅದು ಬದುಕುತ್ತದೆ ಎಂದಳು. ಹಿಮ ಬೀಳುವುದು ಅಕ್ಟೋಬರಿನಲ್ಲಿ. ಆಗಿನ್ನೂ ಆಗಸ್ಟ್ ಮುಗಿದಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಡನ್ ಹೊಂಡದ ಏರಿ ಒಡೆದ. ಇರುವ ನೀರನ್ನು ಹರಿಸಿಬಿಟ್ಟರೆ ಈ ಬಿಸಿಲಿಗೆ ಕೆಸರು ನಾಲ್ಕು ದಿನಕ್ಕೆ ಕಲ್ಲಾಗುತ್ತದೆ, ನೊರಜಿಗೆ ಹುಟ್ಟಲು ಜಾಗವಿರುವುದಿಲ್ಲ. ಅವನ ಲೆಕ್ಕ ಅಷ್ಟೇ. ಮೇವಿಸ್ ಅಂಗಳದಿಂದಲೇ ಕೂಗಿದಳು.

"ತಲೆ ಕೆಟ್ಟಿದ್ಯಾ ನಿಂಗೆ? ಉಳಿದಿರೋವು ಏನು ಕುಡೀಬೇಕು?"

"ಬೇರೆ ಮಾಡ್ತೀನಿ."

"ಬೇರೆ ಏನು? ಆಕಾಶದಿಂದ ತರ್ತೀಯಾ?"

ಬೇಸಿಗೆಯಿಡೀ ಹೊತ್ತು ತಂದು ಸುರಿದ ನೀರು ಒಣಗಿದ ಕೊರಕಲಿನಲ್ಲಿ ಇಳಿದು, ಬೇಲಿ ಮುಟ್ಟುವ ಮೊದಲೇ ನೆಲದಲ್ಲಿ ಇಂಗಿತು. ತಳದಲ್ಲಿ ಮೀನುಗಳು ಒದ್ದಾಡುತ್ತಿದ್ದವು. ಮೇವಿಸ್ ಬೈದುಕೊಂಡೇ ಬಕೆಟ್ಟು ತಂದು ಅವನ್ನು ಆಯ್ದಳು. ಆ ಸಂಜೆ ಹುರಿದಳು. ಡಾರೆಲ್ಲೂ ಸೇರಿ ಮೂವರೂ ತಟ್ಟೆಯ ಮುಂದೆ ಕೂತರು. ಯಾರೂ ಹೆಚ್ಚು ತಿನ್ನಲಿಲ್ಲ, ಮೀನು ಚೆನ್ನಾಗಿಯೇ ಆಗಿತ್ತು.

ಲೆರಾಯ್ ತನ್ನ ದನಗಳ ತಗಡಿನ ತೊಟ್ಟಿ ಒಂದನ್ನು ಕೊಟ್ಟ. ಎಲ್ಡನ್ ಅದನ್ನು ಜಿಂಕೆ ಹೊಲದ ಅಂಚಿನಲ್ಲಿ, ದಪ್ಪ ಜಲ್ಲಿ ಹಾಸಿ, ಒಂದು ಹನಿ ಚೆಲ್ಲಿದರೂ ಕೆಸರಾಗದಂತೆ ಕೂರಿಸಿದ. ಮರಕ್ಕೆ ಕ್ಯಾಮೆರಾ ಕಟ್ಟಿದ. ಡಾರೆಲ್ ದಿನಾ ಅಂಗಡಿ ಬಾಗಿಲು ಹಾಕಿಕೊಂಡು ಬಂದು ಅದರಲ್ಲಿ ಬಿದ್ದ ಚಿತ್ರ ನೋಡುತ್ತಿದ್ದ. ರಕೂನುಗಳು ಸಂಸಾರ ಸಮೇತ ಬಂದಿದ್ದವು. ಕಾಡುಕೋಳಿ, ಒಂದು ನರಿ, ಯಾರದೋ ಬೇಟೆನಾಯಿ. ಬೇಲಿ ಮುರಿದು ಬಂದ ಲೆರಾಯ್‌ನ ಕಡಸು ಕ್ಯಾಮೆರಾದ ಗಾಜನ್ನೇ ನೆಕ್ಕಿತ್ತು. ಜಿಂಕೆ ಇರಲಿಲ್ಲ. ಹೊಳೆ ಇರುವುದು ಹೆದ್ದಾರಿಯ ಆಚೆ. ಅಲ್ಲಿಗೆ ಹೋದವೋ, ದಾರಿಯಲ್ಲಿ ಲಾರಿಗೆ ಸಿಕ್ಕವೋ, ಪೊದೆಗಳಲ್ಲೇ ಬಿದ್ದಿದ್ದಾವೋ ಎಂದು ಎಲ್ಡನ್ ಕೇಳಲಿಲ್ಲ. ಡಾರೆಲ್ ಊಹಿಸಿ ಹೇಳಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ತ್ಯಾಗ.

ಸೆಪ್ಟೆಂಬರಿನ ಮೊದಲ ವಾರ, ದಕ್ಷಿಣದ ಸಮುದ್ರದಲ್ಲಿ ಎದ್ದ ಚಂಡಮಾರುತದ ಬಾಲ ಇತ್ತ ಬೀಸುತ್ತದೆ ಎಂದು ರೇಡಿಯೋ ಹೇಳಿತು. ಎಲ್ಡನ್ ಎದೆಗೆ ಬೀಜದ ಚೀಲ ನೇತುಹಾಕಿಕೊಂಡು ಹೊರಟ. ಟರ್ನಿಪ್ಪು, ಓಟ್ಸು. ಒಣಗಿದ ಕಳೆಯ ನಡುವೆಯೇ ಚೆಲ್ಲಿ, ಮೇಲೆ ರೋಲರ್ ಎಳೆದು ಕಳೆಯನ್ನು ಚಾಪೆಯ ಹಾಗೆ ಮಲಗಿಸಿದ.

"ಯಾರಿಗೆ ಬಿತ್ತಿದೆ ಅದನ್ನ?" ಎಂದು ಮೇವಿಸ್ ಕೇಳಿದಳು. ಆ ಸಲ ಅವಳ ದನಿಯಲ್ಲಿ ಕುಟುಕು ಇರಲಿಲ್ಲ.

"ಮಳೆ ಬರುತ್ತೆ ಅಂದ್ರು," ಎಂದ ಎಲ್ಡನ್.

ಮಳೆ ಬಂತು. ಲೆರಾಯ್ ಅಂಗಳದಲ್ಲಿ ನೆನೆಯುತ್ತ ನಿಂತು, ಬರಬೇಕಾದಾಗ ಬಾರದೆ ಈಗ ಬಂದದ್ದಕ್ಕೆ ಮೋಡವನ್ನು ಬಾಯಿಗೆ ಬಂದಂತೆ ಬೈದ. ಜಿಂಕೆ ಹೊಲದಲ್ಲಿ ಸತ್ತ ಕಳೆಯ ಚಾಪೆಯ ಕೆಳಗಿನಿಂದ ಮೊಳಕೆ ಒತ್ತಾಗಿ ಎದ್ದಿತು. ಎಷ್ಟು ಮೇವು ಜಿಂಕೆಯ ಬಾಯಿಗೆ ಹೋಗುತ್ತಿದೆ ಎಂದು ತಿಳಿಯಲು ಹೊಲದ ನಡುವೆ ಒಂದು ತಂತಿಯ ಪಂಜರ ನಿಲ್ಲಿಸುವುದು ಅಲ್ಲಿಯ ರೂಢಿ. ಒಳಗಿನದು ಯಾರೂ ಮುಟ್ಟದೆ ಬೆಳೆದದ್ದು, ಹೊರಗಿನದು ಮೇಯ್ದು ಉಳಿದದ್ದು. ಬೇರೆ ವರ್ಷಗಳಲ್ಲಿ ಪಂಜರದೊಳಗೆ ಮೊಣಕಾಲೆತ್ತರ ಇದ್ದರೆ ಹೊರಗೆ ಬೆರಳೆತ್ತರ ಇರುತ್ತಿತ್ತು. ಈ ವರ್ಷ ಒಳಗೂ ಹೊರಗೂ ಒಂದೇ ಸಮ. ದೂರದಿಂದ ನೋಡಿದರೆ ಪಂಜರವೇ ಕಾಣುತ್ತಿರಲಿಲ್ಲ. ಎಲ್ಡನ್ ಬೆಳೆಸಿದ ಹೊಲಗಳಲ್ಲೇ ಅಷ್ಟು ಚೆಂದದ ಹೊಲ ಇನ್ನೊಂದಿರಲಿಲ್ಲ. ಎಲ್ಡನ್ ಅದರ ಬದುವಿನಲ್ಲಿ ನಡೆಯುವಾಗ ಆ ಕಡೆ ನೋಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಹಿಮ ಬಿತ್ತು. ನೊರಜು ಸತ್ತವು. ತೊಟ್ಟಿಗೆ ಆಗಲೂ ಜಿಂಕೆ ಬರಲಿಲ್ಲ.

ನವೆಂಬರಿನಲ್ಲಿ ಬಂದೂಕಿನ ಬೇಟೆ ಶುರುವಾಗುವ ಶನಿವಾರವೆಂದರೆ ಆ ಊರಿಗೆ ಹಬ್ಬ. ಶಾಲೆಯ ಮೇಷ್ಟ್ರೂ ಬೇಟೆಗಾರರ ಕಿತ್ತಳೆ ಟೋಪಿ ಹಾಕುತ್ತಾರೆ. ಲೆರಾಯ್ ತನ್ನ ನೆಲವನ್ನು ಕ್ಯಾನ್ಸಸ್ ಸಿಟಿಯ ನಾಲ್ಕು ಜನ ಬೇಟೆಗಾರರಿಗೆ ಗುತ್ತಿಗೆ ಕೊಟ್ಟಿದ್ದ. ಎಲ್ಡನ್ ಬೇಟೆಗೆ ಹೋಗುವುದಿಲ್ಲವೆಂದೇ ಮೇವಿಸ್ ತಿಳಿದಿದ್ದಳು. ಮಧ್ಯಾಹ್ನ ಅವನು ಕೋಟು ಹಾಕಿಕೊಂಡ, ಬಂದೂಕು ತೆಗೆದುಕೊಂಡ. ಡಾರೆಲ್ ಹಿಂದೆಯೇ ಹೋದ.

ಹೊಲದ ಅಂಚಿನ ಹಲಗೆಯ ಗೂಡಿನಲ್ಲಿ ಇಬ್ಬರೂ ಕೂತರು. ಡಾರೆಲ್‌ನ ಕುರ್ಚಿ ಉಸಿರಾಡಿದರೂ ಕಿರುಗುಟ್ಟುವಂಥದ್ದು, ಅವನು ಆದಷ್ಟು ಉಸಿರಾಡದೆ ಕೂತ. ಹೊತ್ತು ಇಳಿಯುತ್ತ ಬಂದಾಗ ಓಕ್ ಮರಗಳ ನಡುವಿನಿಂದ ಒಂದು ಹೆಣ್ಣು ಜಿಂಕೆ ಹೊರಬಂತು.

ಒಂದೇ. ಹಿಂದೆ ಮರಿ ಬರುತ್ತದೇನೋ ಎಂದು ಡಾರೆಲ್ ನೋಡಿದ. ಬರಲಿಲ್ಲ. ಪಕ್ಕೆಯೆಲುಬು ಕಾಣುತ್ತಿತ್ತು. ಅದು ಕಾಲೂರಿದಾಗಲೆಲ್ಲ ನೆಲ ಸುಡುತ್ತಿರುವಂತೆ ಬೇಗ ಎತ್ತುತ್ತಿತ್ತು. ದುರ್ಬೀನಿನಲ್ಲಿ ನೋಡಿದರೆ ನಾಲ್ಕೂ ಗೊರಸು ಅಡ್ಡಡ್ಡಕ್ಕೆ ಸೀಳಿ, ಹಳೆಯದರ ಕೆಳಗಿನಿಂದ ಹೊಸದು ಬರುತ್ತಿತ್ತು. ಜ್ವರ ಬಂದು ಬದುಕಿದ್ದಕ್ಕೆ ಅದು ಗುರುತು. ಹೊಲದ ನಡುವಿನವರೆಗೆ ಕುಂಟಿಕೊಂಡು ಬಂದು, ತಲೆ ತಗ್ಗಿಸಿ, ಅದು ಟರ್ನಿಪ್ ಸೊಪ್ಪು ತಿನ್ನತೊಡಗಿತು. ಹಿಮ ಬಿದ್ದ ಮೇಲೆ ಆ ಸೊಪ್ಪು ಸಿಹಿಯಾಗುತ್ತದೆ.

ಹೆಣ್ಣು ಜಿಂಕೆ ಹೊಡೆಯುವ ಪರವಾನಗಿ ಎಲ್ಡನ್‌ನ ಜೇಬಿನಲ್ಲಿತ್ತು. ಬಂದೂಕು ಮೊಣಕಾಲ ಮೇಲೆ ಮಲಗಿತ್ತು. ಅವನ ಕೈಗಳು ಅದರ ಮೇಲಿದ್ದವು, ಯಾರದೋ ಮನೆಗೆ ಹೋಗಿ ಕೂತವನ ಕೈಗಳ ಹಾಗೆ. ಅದು ತಿಂದು ಮುಗಿಸಿ ಮರಗಳೊಳಗೆ ಹೋಗುವವರೆಗೂ ಅವು ಅಲ್ಲಾಡಲಿಲ್ಲ. ಇಳಿದು ಬರುವಾಗ ಅವನು ಡಾರೆಲ್‌ನ ಕಡೆ ಒಂದು ಸಲ ನೋಡಿದ. ಅಷ್ಟೇ.

ಮರುದಿನ ಬೆಳಿಗ್ಗೆ ಕೆಫೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಮಾನ್ಯವಾಗಿ ಆವತ್ತು ಯಾರ ಜಿಂಕೆ ದೊಡ್ಡದು ಎಂದು ಗದ್ದಲವಿರುತ್ತದೆ. ಈ ಸಲ ಕಿತ್ತಳೆ ಟೋಪಿಗಳೆಲ್ಲ ಕಾಫಿಯ ಮೇಲೆ ಬಾಗಿದ್ದವು. ಲೆರಾಯ್‌ನ ನಾಲ್ಕು ಜನ ಗುತ್ತಿಗೆದಾರರು ಅವನ ಸುತ್ತ ಕೂತು ಅವನನ್ನೇ ನೋಡುತ್ತಿದ್ದರು. ಇಡೀ ದಿನ ಕಾದು ಅವರಿಗೆ ಒಂದು ಬಾಲವೂ ಕಂಡಿರಲಿಲ್ಲ. ಅವರ ಮಚಾನು ಇದ್ದದ್ದು ಎಲ್ಡನ್‌ನ ಬೇಲಿಯ ಪಕ್ಕದಲ್ಲೇ.

ಎಲ್ಡನ್ ಬನ್ನಿನಂಥ ದಪ್ಪ ಬಿಸ್ಕತ್ತಿನ ಮೇಲೆ ಗ್ರೇವಿ ಸುರಿದುಕೊಂಡು ತಿನ್ನುತ್ತಿದ್ದ. ಲೆರಾಯ್ ಕುರ್ಚಿ ತಿರುಗಿಸಿದ.

"ನಿನ್ನೆ ನೀನೂ ಕೂತಿದ್ಯಂತೆ?"

"ಹೂಂ."

"ಕತ್ತಲಾಗೋವರೆಗೂ?"

"ಹೂಂ."

ನಾಲ್ಕು ಜನರೂ ಈಗ ಎಲ್ಡನ್‌ನ ಕಡೆ ತಿರುಗಿದರು. ಡಾರೆಲ್‌ಗೆ ಬಾಯಿಯೊಳಗೆ ಆ ಇಡೀ ಸಂಜೆ ತುಂಬಿಕೊಂಡಿತ್ತು. ಐವತ್ತೊಂದು ವರ್ಷದಲ್ಲಿ ಯಾವ ಸುದ್ದಿಯನ್ನೂ ಇಷ್ಟು ಹೊತ್ತು ಇಟ್ಟುಕೊಂಡವನಲ್ಲ. ಅವನು ಇಡೀ ಬಿಸ್ಕತ್ತೊಂದನ್ನು ಒಟ್ಟಿಗೇ ಬಾಯಿಗೆ ತುರುಕಿದ.

"ಮತ್ತೆ?" ಎಂದ ಲೆರಾಯ್. "ಏನ್ ಕಾಣ್ತು?"

ಎಲ್ಡನ್ ಬಾಯಲ್ಲಿದ್ದದ್ದನ್ನು ಅಗಿದು ನುಂಗಿ, ಕರವಸ್ತ್ರದಿಂದ ಮೀಸೆ ಒರೆಸಿಕೊಂಡ.

"ಟರ್ನಿಪ್ಪು," ಎಂದ. "ಒಂದೊಂದು ನಿನ್ನ ತಲೆ ಗಾತ್ರ."